ಹದಿಮೂರು ವರ್ಷದ ಬಿಡಾರ

ನಾಲ್ಕು ಗಂಟೆಗೆ ಎದ್ದು ಚಾಳಿನ ನಲ್ಲಿಯ ಸಾಲಿನಲ್ಲಿ ಕೊಡ ಇಟ್ಟು ಬರಬೇಕು. ಸರದಿ ಬರುವಷ್ಟರಲ್ಲಿ ಶೇಗಡಿಗೆ ಇದ್ದಲು ತುಂಬಿ ಊದಬೇಕು. ಮತ್ತೆ ಕೆಳಗಿಳಿದು ಆರು ಕೊಡ ನೀರನ್ನು ಒಂದೊಂದಾಗಿ ಮೂರು ಮಾಳಿಗೆ ಹತ್ತಿಸಬೇಕು. ಅತ್ತೆಗೆ ಕಷಾಯ, ಮೈದುನನಿಗೆ ಚಹಾ, ಗಂಡನಿಗೆ ಕಾಫಿ ಆಗಬೇಕು (ಹನ್ನೆರಡು ಅಡಿಯ ಒಂದೇ ಕೋಣೆಯಲ್ಲಿ ಮೂರು ಮತ). ದೋಸೆ ಹಿಟ್ಟಿಗೆ ಉಪ್ಪು ಹಾಕಿ, ಇಬ್ಬರು ಹುಡುಗಿಯರಿಗೆ ಜಡೆ ಹೆಣೆದು, ನೆಲದ ಹಾಸಿಗೆಗಳನ್ನು ಅವುಗಳ ಮೇಲಿನ ಮನುಷ್ಯರಿಂದ ಬಿಡಿಸಿ ಸುತ್ತಿಡಬೇಕು. ಇಷ್ಟೆಲ್ಲ ಆದ ಮೇಲೆ, ಶೀಲಾವತಿಯ ಅಪ್ಪಣೆಗೇ ಕಾದಿದ್ದವನಂತೆ, ವಡಾಲದಲ್ಲಿ ಸೂರ್ಯ ಹುಟ್ಟುತ್ತಿದ್ದ.

ಆ ಭಾನುವಾರ ಮಾತ್ರ ಅವಳು ಇದನ್ನೆಲ್ಲ ಮೂರೂವರೆಗೇ ಶುರುಮಾಡಿದ್ದಳು, ಅದೂ ಗುನುಗುತ್ತ. ಗಂಡ ಕಾಂತಪ್ಪನಿಗೆ ಅಂದು ಜೀಪು ವಿಹಾರ ಮಂಡಳಿಯಲ್ಲಿ ಸದಸ್ಯತ್ವದ ಸಂದರ್ಶನ. ಹೆಂಡತಿಯನ್ನೂ ಕರೆತರಬೇಕೆಂದು ಪತ್ರ ಬಂದಿತ್ತು.

ಈ ಮಂಡಳಿಯೆಂದರೆ ಸಾಮಾನ್ಯವಲ್ಲ. ಯುದ್ಧ ಮುಗಿದು ಸೈನ್ಯದವರು ಹರಾಜು ಹಾಕಿದ ಜೀಪುಗಳನ್ನು ಕೊಂಡ ಮುಂಬಯಿಯ ಕನ್ನಡ ಶ್ರೀಮಂತರು, ತಿಂಗಳಿಗೊಮ್ಮೆ ರಸ್ತೆಯಿಲ್ಲದ ಕಡೆ ಜೀಪು ಓಡಿಸಿ, ಕಾಡಿನಲ್ಲಿ ಡೇರೆ ಹೊಡೆದು, ಕಷ್ಟ ಅನುಭವಿಸಿ ಬರುತ್ತಿದ್ದರು. ಸದಸ್ಯರ ಜೀಪು ಬರ್ಮಾದ ಯುದ್ಧ ಕಂಡಿರಬೇಕೆಂಬುದು ನಿಯಮ. ಅಧ್ಯಕ್ಷ ಬಸವಂತಪ್ಪನವರ ಜೀಪಿನಲ್ಲಿ ಗುಂಡು ತಗುಲಿದ ತೂತೇ ಇತ್ತು (ತುಕ್ಕು ಎನ್ನುವವರೂ ಇದ್ದರು). ಕಾಂತಪ್ಪ ಪರೇಲಿನ ಹೋಟೆಲೊಂದರ ಮ್ಯಾನೇಜರು. ಅವನ ಕೈಗೆ ಭಾನುವಾರ ಸಿಗುತ್ತಿದ್ದದ್ದು ಹೋಟೆಲಿನ ಧನಿಗಳು ಬಟಾಟೆ, ಈರುಳ್ಳಿ ತರಲಿಕ್ಕೆ ಇಟ್ಟ ಜೀಪು. ಅದು ಕಂಡ ಅತಿ ದೊಡ್ಡ ಯುದ್ಧ ತರಕಾರಿ ಮಾರ್ಕೆಟ್ಟಿನದು.

ಶೀಲಾವತಿಗೆ ಬರ್ಮಾ ಬೇಡ. ಮುಂಬಯಿಗೆ ಬಂದು ಹದಿಮೂರು ವರ್ಷ. ಹಸಿರು ಎಂದು ಅವಳು ಕಂಡದ್ದು ಕೊತ್ತಂಬರಿ ಸೊಪ್ಪು ಮಾತ್ರ. ತಿಂಗಳಿಗೊಂದು ದಿನ ಕಾಡಿಗೆ ಹೋಗಿ, ಏನೂ ಮಾಡದೆ ಕೂತು ಬರಬೇಕು. ಅಷ್ಟೇ ಆಸೆ.

ಮಾಟುಂಗದ ತಮ್ಮ ಮನೆಯ ಸೋಫಾದಲ್ಲಿ ಕೂತು ಬಸವಂತಪ್ಪನವರು ಧಾರವಾಡದ ಗತ್ತಿನಲ್ಲಿ ಕೇಳಿದರು. "ಕಾಂತಪ್ಪನವರ, ಜೀಪ ಬ್ಯಾರೆ ಮಾತು. ನಿಮಗ ಬಿಡಾರದಾಗ ಇದ್ದ ರೂಢಿ ಐತೇನು?"

ಕಾಂತಪ್ಪ ಬಾಯಿ ತೆರೆಯುವ ಮೊದಲೇ ಶೀಲಾವತಿ ಅಂದಳು. "ಅಯ್ಯೋ, ಹದಿಮೂರು ವರ್ಷದಿಂದ ಬಿಡಾರದಲ್ಲೇ ಇರುವುದಲ್ವಾ ನಾವು!"

ಅಧ್ಯಕ್ಷರು ನೆಟ್ಟಗೆ ಕೂತರು. "ಹದಿಮೂರು ವರ್ಷ! ಒಂದ ಕಡೆ?"

"ಒಂದೇ ಕಡೆ ಎಲ್ಲಿಂದ ಮಾರಾಯ್ರೆ? ನಾಲ್ಕು ಸಲ ಬಿಡಾರ ಎತ್ತಿ ಆಯ್ತು."

"ನೀರು?"

"ಕೆಳಗಿಂದ ಹೊತ್ತು ಹತ್ತಬೇಕು. ಎಪ್ಪತ್ತೆರಡು ಮೆಟ್ಟಿಲು ಉಂಟು, ಅದೂ ಕತ್ತಲೆಯಲ್ಲಿ."

"ಶಿವನ! ಮಲಗೂದು?"

"ನೆಲದಲ್ಲಿ. ಆರು ಜನ. ಒಬ್ಬರು ಮಗ್ಗುಲು ಬದಲಿಸಿದರೆ ಆರೂ ಜನ ಬದಲಿಸಬೇಕು."

"ಕಾಡಪ್ರಾಣಿ ಕಾಟ?"

"ಹೆಗ್ಗಣ ಉಂಟು, ಈ ಉದ್ದದ್ದು. ನಾನೇ ಓಡಿಸುವುದು. ಇವರಿಗೆ ಎಚ್ಚರ ಆಗ್ಬೇಕಲ್ಲ?"

ಕಾರ್ಯದರ್ಶಿ ಶಿವಪುತ್ರಪ್ಪ ಬರೆದುಕೊಳ್ಳುತ್ತಿದ್ದ ಪೆನ್ನು ನಿಲ್ಲಿಸಿ ಅವಳನ್ನೇ ನೋಡಿದ. ಇತ್ತ ಕಾಂತಪ್ಪನಿಗೆ ಎಂದೂ ಇಲ್ಲದ ಕೆಮ್ಮು. ಮುಂದಿನ ಭಾನುವಾರ ದಹಿಸರ್ ಹೊಳೆಯ ದಂಡೆಗೆ ಬರಬೇಕೆಂದು ಅಧ್ಯಕ್ಷರು ಎದ್ದು ನಿಂತು ಕೈಮುಗಿದರು, ಕಾಂತಪ್ಪನಿಗಲ್ಲ, ಶೀಲಾವತಿಗೆ.

ಬೀದಿಗಿಳಿದ ಮೇಲೆ ಕಾಂತಪ್ಪನ ಕೆಮ್ಮು ಮಾತಾಯಿತು. "ಎಂಥ ಮಾಡಿದೆ ಮಾರಾಯ್ತಿ? ನಮ್ಮ ಊರ ಕಡೆ ಬಿಡಾರ ಅಂದ್ರೆ ಬಾಡಿಗೆ ಮನೆ. ಅವರ ಕಡೆ ಬಿಡಾರ ಅಂದ್ರೆ ಡೇರೆ!"

"ನಾನು ಸುಳ್ಳು ಹೇಳಿದ್ದೇನಾ?"

"ಒಂದೂ ಹೇಳಲಿಲ್ಲ. ಅದೇ ಕಷ್ಟ ಆದದ್ದು!"

ಆದರೂ ಆ ವಾರವಿಡೀ ಇಬ್ಬರ ಕಾಲೂ ನೆಲಕ್ಕೆ ತಾಗಲಿಲ್ಲ. ಭಾನುವಾರ ಮಕ್ಕಳನ್ನು ಅತ್ತೆಗೆ ಒಪ್ಪಿಸಿ ಇಬ್ಬರೂ ಹೊರಟರು. ಬೋರಿವಲಿ ದಾಟಿ ಜೀಪು ರಸ್ತೆ ಬಿಟ್ಟು ಹಳ್ಳಕ್ಕಿಳಿದಾಗ ಶೀಲಾವತಿ ಎರಡು ಕೈಯಲ್ಲೂ ಸರಳು ಹಿಡಿದು ನಗತೊಡಗಿದಳು. ಜೀಪು ಹಾರಿತು, ಅವಳು ಹಾರಿದಳು, ಹಿಂದೆ ಯಾವ ಕಾಲದಲ್ಲೋ ಸಿಕ್ಕಿಹಾಕಿಕೊಂಡಿದ್ದ ಎರಡು ಬಟಾಟೆಗಳೂ ಹಾರಿದವು. "ಇನ್ನೂ ಜೋರು ಬಿಡಿ!" ಎಂದು ಕೂಗಿದಳು. ಹದಿಮೂರು ವರ್ಷದಲ್ಲಿ ಅವಳು ಗಂಡನಿಗೆ ನಿಧಾನ ಎಂದು ಹೇಳದ ಮೊದಲ ದಿನ ಅದು.

ಹೊಳೆದಂಡೆಯಲ್ಲಿ ಏಳು ಜೀಪು ಸಾಲಾಗಿ ನಿಂತಿದ್ದವು. "ಬರ್ರಿ, ಬಟಾಟಿ ರೆಜಿಮೆಂಟು ಬಂತು!" ಎಂದ ಶಿವಪುತ್ರಪ್ಪ. ಎಲ್ಲರೂ ನಕ್ಕರು. ಅಧ್ಯಕ್ಷರು ಕೈ ಎತ್ತಿ ತಡೆದರು. "ನಗಬ್ಯಾಡ್ರಿ. ಈ ಅಕ್ಕಾರು ಹದಿಮೂರು ವರ್ಷ ಬಿಡಾರದಾಗ ಬಾಳೇವು ಮಾಡ್ಯಾರ. ಅಕ್ಕಾರ, ಎಪ್ಪತ್ತೆರಡು ಮೆಟ್ಟಲಾ ಅಂದ್ರೆಲ್ಲ, ಅದು ಯಾವ ಗುಡ್ಡ?"

ಶೀಲಾವತಿ ಗಂಡನ ಮುಖ ನೋಡಿದಳು. ಅವನು ಜೀಪಿನ ಚಕ್ರ ನೋಡುತ್ತಿದ್ದ.

"ಗುಡ್ಡ ಅಲ್ಲ. ವಡಾಲದ ಚಾಳು."

ಅಧ್ಯಕ್ಷರ ಎತ್ತಿದ ಕೈ ಮೆಲ್ಲಗೆ ಇಳಿಯಿತು.

"ಚಾಳಿನ ಖೋಲಿ?" ಶಿವಪುತ್ರಪ್ಪನ ದನಿ ಏರಿತು. "ಬಟಾಟಿ ಜೀಪು, ಚಾಳಿನ ಬಿಡಾರ! ಅಧ್ಯಕ್ಷರ, ಅರ್ಜಿ ರದ್ದು. ನಮ್ಮಲ್ಲಿ ಕಷ್ಟಪಟ್ಟವರಿಗಷ್ಟ ಜಾಗ ಐತಿ."

"ನಿಮ್ಮದು ಎರಡು ದಿನದ್ದಾದರೂ ಕಷ್ಟ, ನಮ್ಮದು ಹದಿಮೂರು ವರ್ಷದ್ದಾದರೂ ಬರೀ ಖೋಲಿ," ಎಂದಳು ಶೀಲಾವತಿ. "ಅದು ಹೇಗೆ ಅಂತ ನಂಗೂ ಸ್ವಲ್ಪ ಹೇಳಿ."

ಹೇಳಲು ಅವನಿಗೆ ಪುರುಸೊತ್ತಾಗಲಿಲ್ಲ. ಗಾಳಿ ಎದ್ದು, ಅವನ ಹಿಂದೆ ನಿಂತಿದ್ದ, ಬರ್ಮಾ ಕಂಡ ಡೇರೆ ಕುಸಿದು ಅವನ ಮೇಲೆಯೇ ಮಲಗಿತು. ಅತ್ತ ನಾಲ್ಕು ಜನ ಗಂಡಸರು ಮೂರು ಪೆಟ್ಟಿಗೆ ಬೆಂಕಿಕಡ್ಡಿ ಗೀರಿ ಹೊಗೆಯನ್ನಷ್ಟೇ ಉತ್ಪಾದಿಸಿದ್ದರು. ಶೀಲಾವತಿಗೆ ಹೊಗೆ ನೋಡಿ ಕೈ ಸುಮ್ಮನಿರಲಿಲ್ಲ. ಒಲೆಯ ಕಲ್ಲುಗಳನ್ನು ಬಟಾಟೆ ಜೀಪಿನ ಮರೆಗೆ ಸರಿಸಿದಳು, ಒಂದೇ ಕಡ್ಡಿಯಲ್ಲಿ ಒಲೆ ಹೊತ್ತಿಸಿದಳು. ಬಟ್ಟೆ ಒಣಗಿಸುವ ಹಗ್ಗ ಬಿಗಿಯುವಂತೆ ಡೇರೆಯ ಹಗ್ಗ ಬಿಗಿದಳು. ಹತ್ತು ನಿಮಿಷದಲ್ಲಿ ಹದಿನಾಲ್ಕು ಜನರಿಗೆ ಚಹಾ ಬಂತು.

ಎರಡನೆಯ ಗುಟುಕಿಗೆ ಮಂಡಳಿಯ ಧೋರಣೆ ಬದಲಾಯಿತು. ಅಧ್ಯಕ್ಷರು ಸದಸ್ಯರ ಪುಸ್ತಕ ತಂದು ಅವಳ ಮುಂದಿಟ್ಟರು. "ಚಾಳಿರಲಿ, ಗುಡ್ಡಿರಲಿ, ಅನುಭವ ಅನುಭವನ. ಜೀಪಿಗೆ ಒಬ್ಬರ ಸದಸ್ಯರು. ನಿಮ್ಮ ಜೀಪಿಂದ ನೀವ! ಹೆಸರು ಬರೀರಿ, ಕೆಲಸದ ಮುಂದ 'ಪಾಕಶಾಲಾ ಪ್ರಮುಖರು' ಅಂತ ಬರೀರಿ. ಪುಸ್ತಕದಾಗ ಬರದದ್ದು ಬದಲಾಗಂಗಿಲ್ಲ."

ಶೀಲಾವತಿ ಸೆರಗಿಗೆ ಕೈ ಒರೆಸಿ ಪೆನ್ನು ಹಿಡಿದಳು. ಸದಸ್ಯೆ! (ಕಾಂತಪ್ಪ ಒಂದೇ ಕ್ಷಣದಲ್ಲಿ 'ಸದಸ್ಯೆಯ ಮನೆಯವರು' ಆಗಿಬಿಟ್ಟಿದ್ದ.) ಗಂಡಸರೆಲ್ಲ ಕೆಸರಿನಲ್ಲಿ ಹೂತ ಜೀಪೊಂದನ್ನು ನೋಡಲು ಓಡಿದರು. ಅಧ್ಯಕ್ಷರ ಹೆಂಡತಿ ರಾಚವ್ವ ತರಕಾರಿ ಬುಟ್ಟಿ ಎಳೆದುಕೊಂಡು ಪಕ್ಕ ಕೂತಳು.

"ಬಾ ತಂಗಿ, ಚಲೋ ಆತು, ಒಲಿ ಮುಂದ ನನಗ ಜೋಡಾತು. ಏಳು ವರ್ಷಾತು ನಾ ಬರಾಕಹತ್ತಿ. ಈ ಹೊಳಿ ಯಾವ ಕಡೆ ಹರೀತೈತಿ ಅಂತ ಸುದ್ದಾ ನನಗ ಗೊತ್ತಿಲ್ಲ."

ಶೀಲಾವತಿ ಪುಸ್ತಕ ತಿರುವಿದಳು. ಬಸವಂತಪ್ಪ: ದಾರಿ ಶೋಧನೆ. ಶಿವಪುತ್ರಪ್ಪ: ಹವಾಮಾನ ವೀಕ್ಷಣೆ (ಡೇರೆಯೊಳಗಿಂದ). ಇನ್ನೊಬ್ಬರು: ಪ್ರಕೃತಿ ಚಿಂತನೆ. ಅವಳು ಪೆನ್ನು ಕೊಡವಿದಳು. ಹೆಸರು ಬರೆದಳು. ಕೆಲಸದ ಮುಂದೆ ದುಂಡಗೆ 'ಊಟ' ಎಂದು ಬರೆದಳು.

ಮರಳಿ ಬಂದ ಅಧ್ಯಕ್ಷರು ಕನ್ನಡಕ ಒರೆಸಿ ಎರಡು ಸಲ ಓದಿದರು. "ಊಟ? ಇದೇನ್ ಕೆಲಸ ಆತ್ರಿ ಅಕ್ಕಾರ?"

"ಪ್ರಕೃತಿ ಚಿಂತನೆ ಕೆಲಸ ಹೌದಾದರೆ ಇದೂ ಹೌದು."

"ಮತ್ತ ಅಡಿಗಿ ಯಾರು ಮಾಡೂದು?"

ಪುಸ್ತಕದಲ್ಲಿ ಬರೆದದ್ದು ಬದಲಾಗುವಂತಿಲ್ಲವಲ್ಲ! ರಾಚವ್ವ ಮೆಲ್ಲಗೆ ಬುಟ್ಟಿಯನ್ನು ಗಂಡನ ಕಡೆ ತಳ್ಳಿ, ಹೊಳೆ ಯಾವ ಕಡೆ ಹರಿಯುತ್ತದೆಂದು ನೋಡಲು ಹೊರಟಳು. ಶೀಲಾವತಿ ಅವಳ ಹಿಂದೆಯೇ ಓಡಿದಳು. ಮೊಣಕಾಲುದ್ದ ನೀರಿನಲ್ಲಿ ಇಬ್ಬರೂ ಹುಡುಗಿಯರಂತೆ ಕಿರುಚಾಡಿದರು. ದಂಡೆಯ ಮೇಲೆ ಮಂಡಳಿಯ ಮಹಾಮಹಿಮರು ಅಕ್ಕಿಗೆ ನೀರು ಮೊದಲೋ, ನೀರಿಗೆ ಅಕ್ಕಿ ಮೊದಲೋ ಎಂದು ಚರ್ಚಿಸುತ್ತಿದ್ದರು. ಹೋಟೆಲಿನವನೆಂದು ಕಾಂತಪ್ಪನನ್ನು ಕೇಳಿದರೆ, "ನಂದು ಗಲ್ಲಾ ಮಾತ್ರ," ಎಂದ.

ಮೂರು ಗಂಟೆಗೆ ಊಟ. ಅನ್ನದ ತಳ ಕಪ್ಪು, ನಡು ಅಂಬಲಿ, ಮೇಲೆ ಅಕ್ಕಿ. ಸಾರಿನಲ್ಲಿ ದಹಿಸರ್ ಸಮುದ್ರಕ್ಕೆ ಹತ್ತಿರವೆಂಬುದು ತಿಳಿಯುತ್ತಿತ್ತು. ಮೊದಲ ಎಲೆ ಸದಸ್ಯೆಗೆ. ಮುಖಕ್ಕೆಲ್ಲ ಮಸಿ ಬಳಿದುಕೊಂಡ ಬಸವಂತಪ್ಪನವರು ಸೌಟು ಹಿಡಿದು ನಿಂತಿದ್ದರು.

"ಹ್ಯಾಂಗ ಆಗೇತ್ರಿ ಅಕ್ಕಾರ? ಏನರ ಕಮ್ಮಿ ಇದ್ದರ ನೀವು ಎದ್ದು ಒಂದ್ ಸ್ವಲ್ಪ ಸರಿ ಮಾಡಿಕೊಡ್ರಿ. ಎರಡ ನಿಮಿಷದ ಮಾತು."

ಮೇಲಿನದನ್ನು ಬೇರೆ ತೆಗೆದು, ಒದ್ದೆ ಬಟ್ಟೆ ಮುಚ್ಚಿ ಕೆಂಡದ ಮೇಲಿಟ್ಟರೆ ಹತ್ತು ನಿಮಿಷದಲ್ಲಿ ಹೂವಿನಂಥ ಅನ್ನ. ಸಾರಿಗೆ ಒಂದು ಬಟಾಟೆ ಬಿಟ್ಟರೆ ಉಪ್ಪು ಇಳಿಯುತ್ತದೆ. ಶೀಲಾವತಿಗೆ ಇದು ಗೊತ್ತು, ಅವಳ ಕೈಗೆ ಇನ್ನೂ ಚೆನ್ನಾಗಿ ಗೊತ್ತು. ಮೊಣಕಾಲು ತಾನಾಗಿಯೇ ಏಳಲು ಸಜ್ಜಾಯಿತು. ಹೊಟ್ಟೆಯಲ್ಲಿ ಬೆಳಗಿನ ಅರ್ಧ ದೋಸೆ ಬಿಟ್ಟರೆ ಬೇರೇನಿಲ್ಲ. ಹನ್ನೆರಡು ಗಂಡಸರು ಅವಳ ಮೊಣಕಾಲನ್ನೇ ನೋಡುತ್ತಿದ್ದರು, ಕಾಂತಪ್ಪ ಎಲ್ಲರಿಗಿಂತ ಹೆಚ್ಚು ಆಸೆಯಿಂದ. ಈಗ ಎದ್ದರೆ ಆ ಎರಡು ನಿಮಿಷ ಪ್ರತಿ ತಿಂಗಳೂ ಬರುತ್ತದೆ.

ಅವಳು ಚಕ್ಕಳಮಕ್ಕಳವನ್ನು ಇನ್ನಷ್ಟು ಬಿಗಿಮಾಡಿ, ಒಂದು ತುತ್ತು ಬಾಯಿಗಿಟ್ಟಳು. ಅಕ್ಕಿ ಹಲ್ಲಿನಡಿ ಕಟಕಟ ಎಂದದ್ದು ಎಲ್ಲರಿಗೂ ಕೇಳಿಸಿತು. ಕಣ್ಣಲ್ಲಿ ನೀರು ಬಂತು. ನುಂಗಿದಳು.

"ಚೆಂದ ಆಗಿದೆ," ಎಂದು ಎಲೆಯನ್ನು ಮುಂದೆ ಸರಿಸಿದಳು. "ಇನ್ನೂ ಸ್ವಲ್ಪ ಬಡಿಸಿ."