ಅತ್ತೆಯ ಸ್ಪ್ಯಾನಿಷ್ ಮತ್ತು ಹೆಣ್ಣೊಪ್ಪಿಸುವ ಶಾಸ್ತ್ರ

ನಮ್ಮ ಸೋದರತ್ತೆಗೆ ಇಡೀ ಸ್ಪೇನ್ ದೇಶದ ಮೇಲೆ ಇರುವುದು ಒಂದೇ ದೂರು. ಅಲ್ಲಿಯ ಕ್ರಿಯಾಪದಗಳಿಗೆ ಹೇಳುವವರು ಕೇಳುವವರು ಯಾರೂ ಇಲ್ಲವಂತೆ!

ಕೊಪ್ಪ ಪೇಟೆ ದಾಟಿ ಸಂಸಾರ ಮಾಡದ ಅತ್ತೆಗೆ ಸ್ಪ್ಯಾನಿಷ್ ಯಾಕೆ ಬೇಕಾಯಿತು ಎನ್ನುತ್ತೀರಾ? ನನ್ನ ತಂಗಿಯಿಂದ. ಮೈಸೂರಿಗೆ ಯೋಗ ಕಲಿಯಲು ಬಂದಿದ್ದ ಸ್ಪೇನಿನ ಹುಡುಗನೊಬ್ಬನನ್ನು ಅವಳು ಮೆಚ್ಚಿದಳು. ಮನೆಯವರೂ ಒಪ್ಪಿದರು. ಆದರೆ ನಮ್ಮ ಕಡೆ ಮದುವೆಯೆಂದರೆ ತಾಳಿ ಕಟ್ಟಿದರೆ ಮುಗಿಯಲಿಲ್ಲ, ಹೆಣ್ಣೊಪ್ಪಿಸಬೇಕು. ಹುಡುಗಿಯ ಕೈಯನ್ನು ಹುಡುಗನ ತಾಯಿಯ ಕೈಯಲ್ಲಿಟ್ಟು, "ಇಷ್ಟು ದಿನ ನಮ್ಮವಳು, ಇನ್ನು ನಿಮ್ಮವಳು" ಎಂದು ಸಾಕಿದವರೇ ಬಾಯಿಬಿಟ್ಟು ಹೇಳಬೇಕು. ಅಮ್ಮ ತೀರಿಕೊಂಡಾಗ ತೊಟ್ಟಿಲಲ್ಲಿದ್ದ ತಂಗಿಯನ್ನು ಸಾಕಿದವಳು ಅತ್ತೆ. ಬೀಗಿತ್ತಿಗೋ ಸ್ಪ್ಯಾನಿಷ್ ಬಿಟ್ಟು ಬೇರೆ ಭಾಷೆ ಬಾರದು.

"ಅಳಿಯ ಅರ್ಥ ಹೇಳ್ತಾನೆ ಬಿಡು" ಎಂದೆ.

"ಮಧ್ಯಸ್ಥಿಕೆಗೆ ಇದೆಂತ ಬೇಲಿ ಜಗಳವಾ?"

"ಹಾಗಾದ್ರೆ ಒಂದು ವಾಕ್ಯ ಬಾಯಿಪಾಠ ಮಾಡು, ಸಾಕು."

"ಅರ್ಥ ಗೊತ್ತಿಲ್ದೆ ಒದರ್ಲಿಕ್ಕೆ ನಾನೆಂತ ರೇಡಿಯೋವಾ ಮಾರಾಯ?"

ಶುರುವಾಯಿತು ನೋಡಿ! ಮೊಬೈಲಿನಲ್ಲಿ ಪಾಠ, ಮಣೆಯ ಮೇಲೆ ಹಲಸಿನ ಹಪ್ಪಳ. ಒಂದು ಹಪ್ಪಳ ಒತ್ತುವಷ್ಟರಲ್ಲಿ ಒಂದು ಕ್ರಿಯಾಪದ ಒಪ್ಪಿಸಬೇಕು. ತಪ್ಪಿದರೆ ಹಿಟ್ಟು ವಾಪಸು ಉಂಡೆ. ಆ ವರ್ಷ ನಮ್ಮ ಮನೆಯಲ್ಲಿ ಹಪ್ಪಳ ಕಮ್ಮಿಯಾದದ್ದಕ್ಕೆ ಸ್ಪೇನೇ ಹೊಣೆ!

ಸರಿದಾರಿಯ ಕ್ರಿಯಾಪದಗಳು ಅವಳಿಗೆ ಬೇಗ ಒಗ್ಗಿದವು. ಕಾಟ ಕೊಟ್ಟದ್ದು ಅಡ್ಡದಾರಿಯವು. ಕೆಲವು 'ನಾನು' ಎನ್ನುವಾಗ ಮಾತ್ರ ಬಾಲಕ್ಕೊಂದು 'ಗೊ' ಅಂಟಿಸಿಕೊಂಡು ವೇಷ ಬದಲಿಸುತ್ತವೆ: ಆಗೊ, ಪೋಂಗೊ, ಸಾಲ್ಗೊ. 'ನೀನು', 'ಅವನು' ಎನ್ನುವಾಗ ಬಲು ಸಾಧು.

"ನಾನು ಅಂದ ಕೂಡ್ಲೆ ಹೆಂಗೆ ಕೊಬ್ಬು ಬರ್ತದೆ ನೋಡು! ಥೇಟ್ ನಿನ್ನ ಅಪ್ಪನೇ."

ಜಗಲಿಯಲ್ಲಿದ್ದ ಅಪ್ಪ ಕೆಮ್ಮಿದರು.

'ಹೋಗು' ಎನ್ನುವುದಕ್ಕೆ ಅಲ್ಲಿ 'ಈರ್'. 'ನಾನು ಹೋಗುತ್ತೇನೆ' ಎನ್ನಬೇಕಾದರೆ ಈರ್ ಪತ್ತೆಯಿಲ್ಲ, 'ವೋಯ್' ಬಂದು ಕೂತಿರುತ್ತದೆ. "ಮನೆಯಿಂದ ಹೊರಟವ ಒಬ್ಬ, ಹೋಗಿ ಮುಟ್ಟಿದವ ಇನ್ನೊಬ್ಬ! ಇವರ ಜೊತೆ ಹ್ಯಾಗಪ್ಪ ಸಂಬಂಧ ಮಾಡೋದು?" ಎಂದು ಅತ್ತೆ ಒಂದು ಹೊತ್ತು ಊಟವನ್ನೇ ಬಿಟ್ಟಳು. ಸಿಟ್ಟು ಬಂದದ್ದು ಅವಳಿಗೆ, ಸಮಾಧಾನ ಮಾಡಬೇಕಾದವನು ನಾನು!

ಕರೆಯೋಲೆ ಕೊಡಲು ನರಸಿಂಹರಾಜಪುರಕ್ಕೆ ಹೊರಟಾಗಲೂ ಬಸ್ಸಿನಲ್ಲಿ ಇದೇ ಜಪ. ಕಂಡಕ್ಟರ್ "ಎಲ್ಲಿಗಮ್ಮಾ?" ಎಂದ.

"ವೋಯ್, ವಾಸ್, ವಾ" ಎಂದಳು, ಕಣ್ಣು ಮುಚ್ಚಿಕೊಂಡೇ.

"ಆ ಸ್ಟಾಪೆಲ್ಲ ನಮ್ ರೂಟಲ್ಲಿ ಇಲ್ಲ" ಎಂದು ಅವನು ನನ್ನ ಮುಖ ನೋಡಿದ. ನಾನು ಕಿಟಕಿಯಾಚೆ ನೋಡಿದೆ.

ಮದುವೆ ಬಂದೇಬಂತು. ನಮ್ಮೆಲ್ಲರಿಗೂ ಒಂದೇ ಚಿಂತೆ. ಅತ್ತೆ ತೊದಲಿದರೆ? ಬೀಗರೆದುರು ನಗೆಪಾಟಲಾದರೆ? ಶೃಂಗೇರಿಯಿಂದ ಬಂದ ಪುರೋಹಿತರು ಸನ್ನೆ ಮಾಡಿದರು. ಅತ್ತೆ ತಂಗಿಯ ಕೈಯನ್ನು ಬೀಗಿತ್ತಿಯ ಕೈಯಲ್ಲಿಟ್ಟು, ಮೇಲೆ ತನ್ನ ಕೈ ಮುಚ್ಚಿ, "ತೆ ದೋಯ್ ಆ ಮಿ ಈಹಾ" ಎಂದಳು. ನನ್ನ ಮಗಳನ್ನು ನಿನಗೆ ಕೊಡುತ್ತಿದ್ದೇನೆ, ಎಂದು. ಒಂದಕ್ಷರ ತಪ್ಪಲಿಲ್ಲ! ಬೀಗಿತ್ತಿಯ ಕಣ್ಣು ತುಂಬಿತು. ನಾನಂತೂ ಗೆದ್ದವನ ಹಾಗೆ ಅಪ್ಪನ ಕಡೆ ನೋಡಿದೆ.

ಆದರೆ ಅತ್ತೆ ನಿಲ್ಲಿಸಲಿಲ್ಲ. "ತೆಂಗೊ, ತಿಯೆನೆಸ್, ತಿಯೆನೆ" ಎಂದು, ನನಗುಂಟು, ನಿನಗುಂಟು, ಅವನಿಗುಂಟು ಎನ್ನುವ ಹಪ್ಪಳದ ಮಣೆಯ ಪಾಠ ಒಪ್ಪಿಸುತ್ತ ಮುಂದುವರಿದಳು. ಅದಾದ ಮೇಲೆ ಆಗೊ. ಅದಾದ ಮೇಲೆ ಪೋಂಗೊ. ಸಭೆ ಇದನ್ನು ಅವರ ಕಡೆಯ ಮಂತ್ರವೆಂದು ತಿಳಿಯಿತು. ಹಿರೇಕೊಡಿಗೆಯಿಂದ ಬಂದ ಅಜ್ಜಿಯೊಬ್ಬರು ಕೈ ಮುಗಿದೇಬಿಟ್ಟರು! ಪುರೋಹಿತರು ನನ್ನ ಕಿವಿಯಲ್ಲಿ, "ಇನ್ನೂ ಎಷ್ಟುಂಟು ಮಾರಾಯ?" ಎಂದರು. ಬೀಗಿತ್ತಿ ಮಾತ್ರ ಪ್ರತಿ ಪದಕ್ಕೂ ತಲೆಯಾಡಿಸುತ್ತ ನಿಂತಿದ್ದಳು.

ನಾನು ಹತ್ತಿರ ಹೋಗಿ, "ಅತ್ತೆ, ಹೇಳ್ಬೇಕಾದ್ದು ಆಗ್ಲೇ ಮುಗೀತು" ಎಂದೆ ಮೆಲ್ಲಗೆ.

"ಗೊತ್ತು" ಎಂದಳು, ತಲೆಯೆತ್ತದೆ. "ನಿಲ್ಸಿದ್ರೆ ಕೈ ಬಿಡ್ಬೇಕಲ್ಲ ಮಾರಾಯ."