ತಂಗಿಯ ಕೀಬೋರ್ಡಿಗೆ ನಾನು ಹಾಕಿದ ಅಕ್ಷತೆ

ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ಮಗ್ಗ ಆಡುವುದಿಲ್ಲ. ಅವತ್ತು ಮಗ್ಗಕ್ಕೆ ರಜೆ, ಅದನ್ನು ತುಳಿಯುವ ನನ್ನ ಕಾಲಿಗೂ ರಜೆ. ನನ್ನ ಹೆಂಡತಿ ಶಾಂತಾಳ ಬಾಯಿಗೆ ಮಾತ್ರ ಡಬಲ್ ಡ್ಯೂಟಿ. ಬೆಳಿಗ್ಗೆ ಎದ್ದು ಮಗ್ಗದ ಧೂಳು ಹೊಡೆದು, ವಿಭೂತಿ ಹಚ್ಚಿ, ಹೂ ಏರಿಸಿ, ಅರಿಶಿನ ಕಲೆಸಿದ ಅಕ್ಷತೆ ಹಾಕಿ ಕೈ ಮುಗಿಯುತ್ತೇನೆ. ಈ ಒಂದು ಕೆಲಸದಲ್ಲಿ ನನ್ನನ್ನು ಮೀರಿಸುವವರು ನಾರಾಯಣಪೇಟೆಯಲ್ಲೇ ಇಲ್ಲ. ಉಳಿದ ಕೆಲಸಗಳ ವಿಷಯ ಯಾರೂ ಕೇಳಬಾರದು. ನಾನು ಓದಿದ್ದು ಐದನೇ ಇಯತ್ತೆ. ಅದರಲ್ಲೂ ಅರ್ಧ ವರ್ಷ ಜ್ವರ.

ಕಳೆದ ಅಮಾವಾಸ್ಯೆಯಂದು ಮಗ್ಗದ ಪೂಜೆ ಮುಗಿಸಿ ತಿರುಗಿದರೆ, ಇನ್ನೊಂದು ಯಂತ್ರ ಪೂಜೆಯಿಲ್ಲದೆ ಅನಾಥವಾಗಿ ಮಲಗಿತ್ತು. ಅದು ನನ್ನ ತಂಗಿ ಗಿರಿಜಾಳ ಮಿಡಿ ಕೀಬೋರ್ಡ್.

ನೋಡಲು ಹಾರ್ಮೋನಿಯಂನ ತಮ್ಮನಂತಿದೆ. ಆದರೆ ತಾನಾಗಿ ಉಸಿರೆತ್ತುವುದಿಲ್ಲ. ವೈರು ಹಾಕಿ ಲ್ಯಾಪ್‌ಟಾಪಿಗೆ ಜೋಡಿಸಬೇಕು. ಆಮೇಲೆ ಅದರ ಕೀ ಒತ್ತಿದರೆ ಪರದೆಯ ಮೇಲಿನ ಐದು ಗೆರೆಗಳಲ್ಲಿ ಸ್ವರಗಳು ತಾವಾಗಿಯೇ ಬಂದು ಕೂರುತ್ತವೆ. ಗದ್ವಾಲದ ಒಂದು ಶಾಲೆಯಲ್ಲಿ ಸಂಗೀತದ ಟೀಚರ್ ಕೆಲಸ ಖಾಲಿ ಇತ್ತು. ಅಲ್ಲಿಯ ದೊಡ್ಡ ಮೇಡಂ ಹಾಕಿದ ಶರತ್ತು ಒಂದೇ: ಶಾಲೆಯ ಪ್ರಾರ್ಥನೆಯನ್ನು ಅವರ ಕಣ್ಣೆದುರೇ ನುಡಿಸಿ, ಕಾರ್ಡುಗಳ ಸಮೇತ ಕಂಪ್ಯೂಟರಿನಲ್ಲಿ ಬರೆದು ತೋರಿಸಬೇಕು.

"ಕಾರ್ಡ್ ಅಂದ್ರ ಏನವಾ?" ಎಂದು ಕೇಳಿದ್ದೆ.

"ಮೂರು ಸ್ವರ ಒಮ್ಮೆಲೆ ಏಳೂದು, ಅಣ್ಣಾ. ನಿನ್ನ ಮಗ್ಗದಾಗ ಹಲಗಿ ತುಳಿದ್ರ ಎಳಿ ಒಟ್ಟಿಗೇ ಏಳ್ತಾವಲ್ಲ, ಹಂಗ. ಮತ್ತ ನೋಡು, ಇದನ್ನ ಯಾರೂ ಮುಟ್ಟಬ್ಯಾಡ್ರಿ. ನೀ ಅಂತೂ ಮುಟ್ಟಲೇಬ್ಯಾಡ."

ನಾನು ಮುಟ್ಟಲಿಲ್ಲ. ದೂರದಿಂದಲೇ ವಿಭೂತಿ ಊದಿದೆ. ದೂರದಿಂದಲೇ ಹೂವಿನ ಪಕಳೆ ಉದುರಿಸಿದೆ. ತಂಗಿಗೆ ಕೆಲಸ ಸಿಗಲಿ ಎಂದು ಮನಸಾರೆ ಬೇಡಿಕೊಂಡು ಒಂದು ಹಿಡಿ ಅಕ್ಷತೆ ಎರಚಿದೆ. ಮೇಲೆ ಕಂಡದ್ದನ್ನು ಟವೆಲಿನಿಂದ ಒರೆಸಿಯೂ ಬಿಟ್ಟೆ. ಒರೆಸಿದ್ದು ಕೀಗಳ ಸಂದಿಯ ಕಡೆಗೆ ಎಂಬುದು ಆಗ ಹೊಳೆಯಲಿಲ್ಲ!

ಮಧ್ಯಾಹ್ನ ಗಿರಿಜಾ ನುಡಿಸಲು ಕೂತಳು. ಮೊದಲ ಕಾರ್ಡ್ ಚೆನ್ನಾಗಿ ಬಂತು. ಎರಡನೆಯದು ಮುಂದಿನ ಜಾಗಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಮೊದಲನೆಯದರ ಹೆಗಲ ಮೇಲೆ ಏರಿತು. ಮೂರನೆಯದು ಅದರ ತಲೆಯ ಮೇಲೆ. ಮದುವೆ ದಿಬ್ಬಣದ ಜೀಪಿಗೆ ನೆಂಟರು ಹತ್ತಿದಂತೆ ಸ್ವರಗಳೆಲ್ಲ ಒಂದೇ ಕಡ್ಡಿಗೆ ಜೋತು ಬಿದ್ದವು.

"ಇದೇನಿದು! ಒಂದಕ್ಕೊಂದು ಅಂಟಿಕೋಂತ ಹೊಂಟಾವಲ್ಲ!"

ಸಾಫ್ಟ್‌ವೇರ್ ಮುಚ್ಚಿ ತೆರೆದಳು. ಲ್ಯಾಪ್‌ಟಾಪ್ ಆರಿಸಿ ಹಚ್ಚಿದಳು. ವೈರು ಬದಲಿಸಿದಳು. ಸೆಟ್ಟಿಂಗ್ ಒಳಗೆ ಹೊಕ್ಕು ಕಂಡಕಂಡ ಗುರುತುಗಳನ್ನೆಲ್ಲ ತೆಗೆದು ಹಾಕಿದಳು, ಹಾಕಿ ತೆಗೆದಳು. ಕೊನೆಗೆ ಸಾಫ್ಟ್‌ವೇರನ್ನೇ ಕಿತ್ತು ಹೊಸದಾಗಿ ಕೂರಿಸಿದಳು. ಜವಾಬ್ದಾರಿಯುತ ಅಣ್ಣನಾಗಿ ನಾನೂ ಸುಮ್ಮನೆ ಕೂರಲಿಲ್ಲ. ವೈರನ್ನು ಎತ್ತರಕ್ಕೆ ಹಿಡಿದು ನಿಂತೆ.

"ಅದನ್ಯಾಕ ಮ್ಯಾಲ ಎತ್ತೀಯಪಾ?"

"ಸಿಗ್ನಲ್ ಇಳದು ಬರಲಿ ಅಂತ."

ಶಾಂತಾ ಅಡುಗೆಮನೆಯಿಂದಲೇ ಹೇಳಿದಳು: "ದೃಷ್ಟಿ ಆಗೇತ್ರಿ. ಓಣ್ಯಾಗ ಎಲ್ಲಾರಿಗೂ ಹೇಳ್ಕೋಂತ ತಿರುಗಿದ್ರಲ್ಲ, ನಮ್ಮ ತಂಗಿ ಟೀಚರ್ ಆಗ್ತಾಳಂತ!"

ಹೌದಲ್ಲ ಎನಿಸಿತು. ಗಿರಿಜಾ ಊಟಕ್ಕೆ ಎದ್ದಾಗ ದೃಷ್ಟಿ ತೆಗೆದು ಇನ್ನೊಂದು ಹಿಡಿ ಅಕ್ಷತೆ ಎರಚಿದೆ. ಊಟವಾದ ಮೇಲೆ ಸ್ವರಗಳ ಜೀಪು ಡಬಲ್ ಡೆಕ್ಕರ್ ಬಸ್ಸಾಯಿತು!

ಆ ಕೀಬೋರ್ಡ್ ಮಾರಿದ ಅಂಗಡಿ ಮಕ್ತಲ್‌ನಲ್ಲಿತ್ತು. ಮರುದಿನ ಅಣ್ಣ ತಂಗಿ ಇಬ್ಬರೂ ಬಸ್ಸು ಹತ್ತಿದೆವು. ಜಾಗವಿಲ್ಲದ್ದಕ್ಕೆ ಕೀಬೋರ್ಡಿನ ಚೀಲವನ್ನು ತಲೆಕೆಳಗಾಗಿ ಕಾಲ ಸಂದಿಯಲ್ಲಿ ಇಟ್ಟುಕೊಂಡೆ. ರಸ್ತೆ ತನ್ನ ಕೆಲಸ ತಾನು ಮಾಡಿತು. ಅಂಗಡಿಯವ ನುಡಿಸಿ ನೋಡಿದರೆ ಒಂದೊಂದು ಕಾರ್ಡೂ ಶಾಲೆಯ ಮಕ್ಕಳಂತೆ ಸಾಲಾಗಿ ನಿಂತಿತು.

"ಏಂ ಕಾಲೇದಮ್ಮಾ," ಎಂದು ತೆಲುಗಿನಲ್ಲಿ ಶುರು ಮಾಡಿ ಕನ್ನಡಕ್ಕೆ ಬಂದ. "ಇದಕ್ಕ ಏನೂ ಆಗಿಲ್ಲ. ನಿಮ್ಮ ಬೆರಳ ಸರಿ ಏಳವಲ್ಲವು. ಕಾರ್ಡಿಗೆ ಕೈ ಹಗುರ ಇರಬೇಕು."

ಗಿರಿಜಾಳ ಮುಖ ಸಣ್ಣದಾಯಿತು. ಮತ್ತೆ ತುಂಬಲೆಂದು ನಾನು ಚೀಲ ತೆರೆದೆ. ಅದರ ತಳದಲ್ಲಿ ಅಕ್ಷತೆ ಕಾಳುಗಳು ಹಳದಿ ಹಳದಿಯಾಗಿ ನನ್ನನ್ನೇ ನೋಡುತ್ತಿದ್ದವು.

ಆಗ ನನಗೆ ಎಲ್ಲ ತಿಳಿಯಿತು. ತುಳಿದ ಹಲಗೆ ಮೇಲೆ ಬರದಿದ್ದರೆ ಎಷ್ಟು ಲಾಳಿ ಎಸೆದರೂ ದಾರವೆಲ್ಲ ಒಂದೇ ಸಂದಿಯಲ್ಲಿ ಬೀಳುತ್ತದೆ. ಇದು ಮಗ್ಗದ ಮೊದಲ ಪಾಠ. ಕಾಳು ಸಿಕ್ಕಿಕೊಂಡು ಒಂದು ಕೀ ಕೂದಲೆಳೆಯಷ್ಟು ಕೆಳಗೇ ಉಳಿದಿತ್ತು. ಕೈ ಇನ್ನೂ ಎತ್ತಿಲ್ಲವೆಂದು ತಿಳಿದು ಕಂಪ್ಯೂಟರ್ ಮುಂದಕ್ಕೆ ಸರಿದಿರಲಿಲ್ಲ. ದಿನವೂ ಹಲಗೆ ತುಳಿಯುವ ನನಗೆ ಇಷ್ಟು ಹೊಳೆಯಬಾರದೇ? ನನ್ನ ಬುದ್ಧಿ ಇರುವುದು ಕಾಲಿನಲ್ಲಿ. ಅಮಾವಾಸ್ಯೆಯಂದು ಕಾಲಿಗೆ ರಜೆ ಇತ್ತು!

ತಿಳಿದವನು ಬಾಯಿ ಬಿಡಬೇಕಿತ್ತು. ಅಂಗಡಿಯವನ ಮುಂದೆ ಮಾನ ಹೋಗುತ್ತದೆಂದು ಕಾಳುಗಳನ್ನು ಮೆಲ್ಲಗೆ ಜೇಬಿಗೆ ಸೇರಿಸಿದೆ. ಬಸ್ಸಿನಲ್ಲಿ ಹೇಳೋಣವೆಂದರೆ ಗಿರಿಜಾ ಕಿಟಕಿಯ ಕಡೆ ಮುಖ ಮಾಡಿ ತನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚುತ್ತಿದ್ದಳು. "ಈ ಕೈಲೆ ನೌಕರಿ ಸಿಗೂದು ಅಷ್ಟರಾಗ ಐತಿ" ಎಂದಳು. ನಾನು ಶೇಂಗಾ ಕೊಡಿಸಿದೆ. ಅವಳು ತಿನ್ನಲಿಲ್ಲ. ನಾನು ತಿಂದೆ.

ಗದ್ವಾಲಕ್ಕೆ ಹೊರಡುವ ದಿನ ಬಂತು. ಗಿರಿಜಾ ಹೊಸ್ತಿಲಲ್ಲಿ ಬಗ್ಗಿ ನನ್ನ ಕಾಲು ಮುಟ್ಟಿದಳು. ಶಾಂತಾ ತಟ್ಟೆ ಹಿಡಿದಳು. ನಾನು ತಂಗಿಯ ತಲೆಗೆ, ಕೇವಲ ತಲೆಗೆ, ಅಕ್ಷತೆ ಹಾಕಿದೆ. ಅವಳ ಹೆಗಲಲ್ಲಿದ್ದ ಚೀಲದ ಬಾಯಿ ತೆರೆದಿತ್ತು. ಅರ್ಧ ಆಶೀರ್ವಾದ ತಲೆಗೆ, ಅರ್ಧ ಚೀಲಕ್ಕೆ!

ಕೂಗಿ ಹೇಳೋಣವೆಂದರೆ ಅವಳು ಆಗಲೇ ಹೊಸ್ತಿಲು ದಾಟಿದ್ದಳು. ಒಳ್ಳೆಯ ಕೆಲಸಕ್ಕೆ ಹೊರಟವರನ್ನು ಹಿಂದಿನಿಂದ ಕೂಗಬಾರದು ಎಂಬ ಶಾಸ್ತ್ರವಿದೆ. ಹೇಡಿಗಳಿಗೆ ಇಂಥ ಶಾಸ್ತ್ರಗಳು ಸರಿಯಾದ ಹೊತ್ತಿಗೆ ನೆನಪಾಗುತ್ತವೆ.

ಜೊತೆಗೆ ಹೊರಟಿದ್ದ ನಾನು, ಚೀಲ ನಾನೇ ಹಿಡಿಯುತ್ತೇನೆಂದು ಇಸಿದುಕೊಂಡೆ. ದಾರಿಯುದ್ದಕ್ಕೂ ಅದನ್ನು ತಲೆಕೆಳಗು ಮಾಡಿದೆ, ಮೇಲಕ್ಕೆ ಮಾಡಿದೆ, ಅಲುಗಾಡಿಸಿದೆ. ಕಂಡಕ್ಟರಮ್ಮ ನೋಡಿ ನೋಡಿ ಬೇಸತ್ತರು. "ಕೂಸೇನ್ರಿ ಅದು? ಮಲಗಸ್ರಿ ಕಡೀಕ!" ಕೃಷ್ಣೆ ದಾಟುವಾಗ ಕೈ ಮುಗಿದು ಬೇಡಿಕೊಂಡೆ. ಬರಿಗೈಯಲ್ಲಿ. ಜೇಬಿನ ಕಾಳುಗಳನ್ನು ಮುಟ್ಟಲಿಲ್ಲ.

ಶಾಲೆಯಲ್ಲಿ ದೊಡ್ಡ ಮೇಡಂ ಕನ್ನಡಕ ಏರಿಸಿ ಕೂತರು. ನಾನು ಬಾಗಿಲ ಬಳಿ ನಿಂತೆ. ಗಿರಿಜಾ ಮೊದಲ ಕಾರ್ಡ್ ಒತ್ತಿದಳು. ಬಂತು. ಎರಡನೆಯದು ಮೊದಲನೆಯದರ ಹೆಗಲೇರಿತು.

ಅವಳು ಕೈ ಹಿಂದಕ್ಕೆ ತೆಗೆದು ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. "ಕ್ಷಮಿಸ್ರಿ ಮೇಡಂ, ನನ್ನ ಬೆರಳ..."

ನಾನು ಇನ್ನು ತಡೆಯಲಾರದಾದೆ. "ಬೆರಳಲ್ರೀ! ಅಕ್ಕಿ!" ಎಂದು ಕಿರುಚಿದೆ.

ಓಡಿ ಹೋಗಿ ಕೀಬೋರ್ಡನ್ನು ಎತ್ತಿ, ಮೇಡಂ ಅವರ ಮೇಜಿನ ಮೇಲೆಯೇ ತಲೆಕೆಳಗು ಮಾಡಿ ಝಾಡಿಸಿದೆ. ಹಳದಿ ಅಕ್ಕಿ ಉದುರಿತು. ಒಣಗಿದ ಚೆಂಡುಹೂವಿನ ಪಕಳೆ ಉದುರಿತು. ಕೊನೆಗೆ ಚಿಟಿಕೆ ವಿಭೂತಿಯೂ ಹಾರಿ ಮೇಡಂ ಅವರ ಕನ್ನಡಕದ ಮೇಲೆ ಕೂತಿತು.

"ಇದೇಂದಿ ಅನ್ನಾ, ಇಕ್ಕಡ ಪೆಳ್ಳೇಮೈನಾ ಉಂದಾ?" ಎಂದರು ಮೇಡಂ. ಇಲ್ಲೇನಾದರೂ ಮದುವೆ ಇದೆಯೇ ಎಂದು!

ನಿಂತಲ್ಲೇ ಎಲ್ಲ ಒಪ್ಪಿಕೊಂಡೆ. ಮೇಡಂ ಕನ್ನಡಕ ಒರೆಸಿಕೊಂಡು ನಕ್ಕರು, "ಮೊದಲಿಂದ ನುಡಿಸಮ್ಮಾ" ಎಂದರು. ಗಿರಿಜಾ ನುಡಿಸಿದಳು. ಐದು ಗೆರೆಗಳ ಮೇಲೆ ಮೂರು ಮೂರು ಸ್ವರಗಳು ಒಟ್ಟಿಗೆ ಎದ್ದು, ಒಟ್ಟಿಗೆ ಕೂತು, ಮುಂದಿನವರಿಗೆ ಜಾಗ ಬಿಟ್ಟು ನಡೆದವು. ಕೆಲಸ ಸಿಕ್ಕಿತು.

ಬರುವಾಗ ಬಸ್ಸಿನಲ್ಲಿ ಅವಳು ಕೇಳಿದಳು: "ಮಕ್ತಲ್‌ದಾಗ ಗೊತ್ತಿತ್ತೇನ ನಿನಗ?"

"ಸ್ವಲ್ಪ."

"ಸ್ವಲ್ಪ ಅಂದ್ರ?"

ಜೇಬಿನಿಂದ ಕಾಳುಗಳನ್ನು ತೆಗೆದು ತೋರಿಸಿದೆ.

"ನಾ ನನ್ನ ಬೆರಳ ಬೈಕೋಂತ ಕುಂತಿದ್ದೆ, ಅಣ್ಣಾ. ನೀ ಬಾಜೂಕ ಕುಂತು ಶೇಂಗಾ ತಿಂದಿ."

ಅವತ್ತಿನಿಂದ ಶೇಂಗಾ ನನಗೆ ರುಚಿಸುವುದಿಲ್ಲ.

ಕೆಲಸಕ್ಕೆ ಸೇರುವ ದಿನ ಗಿರಿಜಾ ಕೀಬೋರ್ಡನ್ನು ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಅಂಗಳದಾಚೆಯ ಕಟ್ಟೆಯ ಮೇಲಿಟ್ಟು ಒಳಗೆ ಬಂದಳು. "ಈಗ ಹಾಕು" ಎಂದು ತಲೆ ಬಾಗಿಸಿದಳು. ಅಕ್ಷತೆಯ ಬಟ್ಟಲು ಶಾಂತಾಳ ವಶದಲ್ಲಿತ್ತು. ನನ್ನ ಕೈಗೆ ಒಂದೇ ಒಂದು ಕಾಳು ಕೊಟ್ಟಳು. "ಇಷ್ಟ ಸಾಕ್ರಿ ನಿಮಗ."

ಹಾಕಿದೆ. ತಲೆಯ ಮೇಲೆ ಕಾಣಲಿಲ್ಲ. ನೆಲದ ಮೇಲೂ ಕಾಣಲಿಲ್ಲ.

"ಎಲ್ಲಿ ಹೋತು?" ಗಿರಿಜಾಳ ಮುಖ ಬಿಳಿಚಿತು. "ಅದು ಸಿಗೂತನಕ ನಾ ಹೊಸ್ತಿಲ ದಾಟಂಗಿಲ್ಲ!"

ಮೂವರೂ ಮೊಣಕಾಲೂರಿ ಹುಡುಕಿದೆವು. ಸೆರಗು ಕೊಡವಿದಳು, ಜಡೆ ಬಿಚ್ಚಿ ಮತ್ತೆ ಹೆಣೆದಳು. ಗದ್ವಾಲದ ಬಸ್ಸು ಹಾರ್ನ್ ಹೊಡೆದು ಹೊರಟೇ ಹೋಯಿತು.

ಕಾಳು ನನ್ನ ಹೆಬ್ಬೆರಳಿಗೇ ಅಂಟಿಕೊಂಡಿತ್ತು!