ದೇವರ ಕೋಣೆಯಲ್ಲಿ ಸೀರಮ್

ಏಕಾದಶಿ ದಿನ ಬೆಳಿಗ್ಗೆ ಅಮ್ಮ ತೊಳೀಲಿಕ್ಕೆ ಅಂತ ಅಭಿರಾಮನ ಪ್ಯಾಂಟ್ ತೆಗೆದ್ರು. ಕಿಸೆಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಟ್ಯೂಬ್, ಒಳಗೆ ಹಳದಿ ಬಣ್ಣದ್ದು ಎಂತದೋ. ಮಗ ಯಾವುದೋ ದೇವಸ್ಥಾನದ ತುಪ್ಪ ತಂದಿದ್ದಾನೆ ಅಂದುಕೊಂಡು ಭಕ್ತಿಯಿಂದ ದೇವರ ಕೋಣೆಯಲ್ಲಿ ಇಟ್ರು.

ನಮಸ್ಕಾರಕ್ಕೆ ಬಗ್ಗಿದ ಅಭಿರಾಮ ಟ್ಯೂಬ್ ನೋಡಿ ಬಗ್ಗಿದಲ್ಲೇ ಬಾಕಿ.

"ಅಮ್ಮಾ, ಇದು ಇಲ್ಲಿ ಹೇಗೆ?"

"ನಿನ್ನ ಕಿಸೆಯಲ್ಲಿತ್ತು. ತುಪ್ಪ ಅಲ್ವಾ ಮಗಾ?"

ತುಪ್ಪ ಅಲ್ಲ, ಸೀರಮ್. ಪ್ರಾಣಿಯ ರಕ್ತದಿಂದ ತೆಗೆದದ್ದು. ಹೇಳಿದ್ರೆ ವಿಠಲಜ್ಜ ಮನೆ ಇಡೀ ತೊಳೆಸಿಯಾರು, ಮೊದಲು ಅಭಿರಾಮನನ್ನು. ಅವ ಟ್ಯೂಬನ್ನು ಪುನಃ ಕಿಸೆಗೆ ಹಾಕಿದ.

ಆದ್ರೆ ಮುಖ ಬಿಳುಚಿದ್ದು ಅದಕ್ಕಲ್ಲ. ಟ್ಯೂಬ್ ಇಲ್ಲಿದ್ರೆ ಮಣಿಪಾಲದ ಲ್ಯಾಬಲ್ಲಿ ಅವ ಸಾಕಿದ ಜೀವಕೋಶಗಳಿಗೆ ನಿನ್ನೆ ಸಂಜೆ ಸೀರಮ್ ಬೀಳಲೇ ಇಲ್ಲ! ಉಳಿದದ್ದೆಲ್ಲ ಹಾಕಿದ್ದ, ಅಷ್ಟರಲ್ಲಿ ಫೋನ್ ಬಂದು ಟ್ಯೂಬ್ ಕಿಸೆಗೆ ಹೋಗಿತ್ತು. "ಇನ್ನೊಮ್ಮೆ ಕೋಶ ಸಾಯಿಸಿದ್ರೆ ನೀನು ಬೇರೆ ಗೈಡ್ ನೋಡಿಕೋ" ಅಂತ ಅವನ ಪಿಎಚ್‌ಡಿ ಗೈಡ್ ನಳಿನಾಕ್ಷಿ ಮೇಡಂ ಮೊದಲೇ ಹೇಳಿದ್ರು.

"ಎಲ್ಲಿಗೆ ಹೊರಟದ್ದು?" ಜಗಲಿಯಿಂದ ಅಜ್ಜ. "ಇವತ್ತು ನೀರು ಬಿಟ್ಟು ಎಂತದೂ ಮುಟ್ಟಬಾರದು, ನೆನಪುಂಟಲ್ಲ?"

"ಲ್ಯಾಬಲ್ಲಿ ನನ್ನ ಕೋಶಗಳು ಸಾಯ್ತಾ ಉಂಟು ಅಜ್ಜಾ!"

"ಸಾಯ್ಲಿ. ಏಕಾದಶಿ ದಿನ ಸತ್ರೆ ಸೀದಾ ವೈಕುಂಠ."

ಮಣಿಪಾಲದ ಬಸ್ಸಲ್ಲಿ ಪಕ್ಕದ ಮನೆಯ ಗುಣವತಿಯಕ್ಕ ಸಿಕ್ಕಿದ್ರು. ಅವನನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡ್ರು.

"ಎಂತ ಮಾರಾಯ, ಮುಖ ಒಣ ಬಂಗುಡೆ ಮೀನಿನ ಹಾಗೆ ಉಂಟು? ಯಾರಿಗಾದ್ರೂ ಸೀರಿಯಸ್ಸಾ?"

"ನನ್ನ ಕೋಶಗಳಿಗೆ ಅಕ್ಕ. ನಿನ್ನೆಯಿಂದ ಸೀರಮಿನ ಪ್ರೋಟೀನ್ ಸಿಗ್ಲಿಲ್ಲ."

"ಒಂದು ದಿನಕ್ಕೆ ಎಂತಾಗ್ತದೆ?"

"ನಿಮ್ಮ ಮಗಳ ಮದುವೆ ದಿನ ಅಡಿಗೆಯವರು, ಬಡಿಸುವವರು, ಗೇಟಲ್ಲಿ ನಿಂತವರು, ಎಲೆ ತೆಗೆಯುವವರು ಒಬ್ಬೊಬ್ಬರೇ ಮನೆಗೆ ಹೋದ್ರೆ? ಹಾಲ್ ಉಂಟು, ಅಕ್ಕಿ ಉಂಟು, ಮಾಡುವವರಿಲ್ಲ. ಕೋಶದೊಳಗೆ ಆ ಕೆಲಸದವರೆಲ್ಲ ಪ್ರೋಟೀನೇ. ಹಳೆಯವರು ಸವೆದು ಹೋಗ್ತಾ ಇರ್ತಾರೆ, ಹೊಸಬರು ತಯಾರಾಗ್ತಾ ಇರಬೇಕು. ಸೀರಮಿನಲ್ಲಿರುವ ಪ್ರೋಟೀನು ಹೊರಗಿಂದ ಬಂದು 'ಏಳಿ, ಬೆಳೀರಿ' ಅಂತ ಹೇಳುವ ಯಜಮಾನ. ಅವನೂ ಬರದಿದ್ರೆ ಕೋಶ ಕೆಲಸ ನಿಲ್ಲಿಸ್ತದೆ. ಹಾಗೇ ಬಿಟ್ರೆ ಸಾಯ್ತದೆ."

ಗುಣವತಿಯಕ್ಕ ಗಂಭೀರ ಆದ್ರು. ಹಿಂದಿನ ಸೀಟಿಂದ ಯಾರೋ "ಪಾಪ" ಅಂದ್ರು. ಕಂಡಕ್ಟರ್ ಸ್ವಲ್ಪ ಹೊತ್ತು ಸೀಟಿ ಊದಲಿಲ್ಲ.

"ಅಲ್ಲ, ನೀನು ಬೆಳಿಗ್ಗೆ ಎಂತ ತಿಂದದ್ದು?"

"ಏಕಾದಶಿ."

"ಅಯ್ಯೋ ದೇವರೇ! ಹಾಗಾದ್ರೆ ನಿನ್ನೊಳಗೂ ಕೆಲಸದವರು ಮನೆಗೆ ಹೊರಟಿದ್ದಾರೆ!" ಅಕ್ಕ ಬ್ಯಾಗಿಂದ ಬಿಸಿಬಿಸಿ ಎಗ್ ಪಫ್ಸ್ ತೆಗೆದ್ರು. ಅಭಿರಾಮ ಕಣ್ಣು ಮುಚ್ಚಿದ. ಪರಿಮಳ ಬಂತು. ಮೂಗು ಮುಚ್ಚಿದ.

ಲ್ಯಾಬಿನ ಬಾಗಿಲಲ್ಲಿ ಸೀನಿಯರ್ ಜೋವಿನ್ ನಿಂತಿದ್ದ. "ಏ ಅಭಿ, ಇಷ್ಟು ಬೇಗ ಎಂತ?"

"ಮಾತಾಡಿಸ್ಬೇಡ. ಜೀವದ ಪ್ರಶ್ನೆ."

ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಕೋಶಗಳು ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ ಅಂಚು ಮುರುಟಿಕೊಂಡಿದ್ದವು. ಆದ್ರೆ ಜೀವ ಉಂಟು! ಫ್ರಿಡ್ಜಿಂದ ಹೊಸ ಸೀರಮ್ ತೆಗೆದ. ನೈವೇದ್ಯ ಬಡಿಸಿದ ಹಾಗೆ ಒಂದೊಂದೇ ಡಿಶ್ಶಿಗೆ ಹಾಕಿದ. ಕೊನೆಯದು ಮುಗಿದದ್ದೇ ಗೋಡೆಗೆ ಒರಗಿ ಮೆಲ್ಲಗೆ ಜಾರಿ ನೆಲದಲ್ಲಿ ಕೂತ. ಕೋಶ ಉಳೀತು.

ಅಷ್ಟರಲ್ಲಿ ನಳಿನಾಕ್ಷಿ ಮೇಡಂ ಬಂದ್ರು.

"ಜೋವಿನ್, ಅಭಿಯ ಡಿಶ್ಶುಗಳು ರೆಡಿಯಾ? ನಿನ್ನೆ ಹೇಳಿದ್ದೆನಲ್ಲ, ಸೀರಮ್ ಕೊಡದೆ ಒಂದು ದಿನ ಉಪವಾಸ ಇಡಿ, ಇವತ್ತು ಹೊಸ ಮದ್ದು ಹಾಕಿ ನೋಡುವ ಅಂತ."

"ರೆಡಿ ಮೇಡಂ. ಅಭಿಗೆ ಹೇಳುವ ಅಂತ ನಿನ್ನೆ ಬಂದೆ. ಅವ ಸೀರಮ್ ಹಾಕದೆ ಟ್ಯೂಬನ್ನು ಕಿಸೆಗೆ ಹಾಕಿ ಹೋಗ್ತಾ ಇದ್ದ. ನೀವೇ ಹೇಳಿದ್ದೀರಿ ಅಂದುಕೊಂಡೆ."

ಮೇಡಂ ಮೇಜಿನ ಮೇಲಿನ ಖಾಲಿ ಸೀರಮ್ ಟ್ಯೂಬ್ ನೋಡಿದ್ರು.

"ಹಾಗಾದ್ರೆ ಇವಕ್ಕೆ ಈಗ ಊಟ ಹಾಕಿದ್ದು ಯಾರು?"

ನೆಲದಿಂದ ಒಂದು ಕೈ ಮೇಲೆ ಬಂತು.

"ಎಲ್ಲ ತೊಳೆದು ಪುನಃ ಉಪವಾಸಕ್ಕೆ ಇಡು. ನಾಳೆ ಬೆಳಕು ಹರಿಯುವ ಮೊದಲು ಇಲ್ಲಿರಬೇಕು. ಇಲ್ಲದಿದ್ರೆ ಬೇರೆ ಗೈಡ್."

"ಮೇಡಂ," ಜೋವಿನ್ ಮೆಲ್ಲಗೆ ಅಂದ, "ಉಪವಾಸದ ಕೋಶ ಇವತ್ತೇ ಬೇಕಿದ್ರೆ ಇವನ ಮೈಯಲ್ಲಿ ಉಂಟು."

ಅಭಿರಾಮನ ಫೋನ್ ಬಡಿದುಕೊಂಡಿತು.

"ಮಗಾ," ಅಂದ್ರು ಅಮ್ಮ, "ನಾಳೆ ಬೆಳಕು ಹರಿಯುವ ಮೊದಲೇ ದ್ವಾದಶಿ ಪಾರಣೆ. ಅನ್ನ, ದೊಡ್ಡ ಪಾತ್ರೆ ತೊವ್ವೆ, ಪಾಯಸ. ಎಲ್ಲಿಗೂ ಹೋಗ್ಬೇಡ. ಪಾರಣೆಗೆ ಕೂರದವನಿಗೆ ಇವತ್ತಿನ ಉಪವಾಸದ ಪುಣ್ಯವೂ ಇಲ್ಲ ಅಂತ ಅಜ್ಜ ಹೇಳ್ತಿದ್ದಾರೆ."